ಗುಂಡಿಯಣ್ಣ ನುಂಗಿದ ಮಾತು

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ರೇಡಿಯೋ ನಿಲಯದಲ್ಲಿ ಸಂಬಳದ ದಿನವೊಂದನ್ನು ಬಿಟ್ಟರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗುಂಡಿಯಣ್ಣ. ಎದುರಿನ ಚಹಾದಂಗಡಿಯ ಹೆಂಗಸು ಕೂಡ ಲೋಟ ಮುಂದಿಡುತ್ತಾ, "ಗುಂಡಿಯಣ್ಣ, ಸಕ್ಕರೆ ಇರಲೋ, ಅದನ್ನೂ ಕತ್ತರಿಸಲೋ?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಮೊದಮೊದಲು ಆ ನಗುವಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಅವನು ಬೆಳೆದದ್ದು ಅಕ್ಕನ ಕೈಯಲ್ಲಿ. ತಾಯಿ ಬೇಗ ಹೋದಳು, ತಂದೆ ಇದ್ದೂ ಇಲ್ಲದಂತಿದ್ದ. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಬಟ್ಟೆ ಹೊಲಿಯುತ್ತಾ ತಮ್ಮನನ್ನು ಸಾಕಿದಳು. ಯಂತ್ರದ ಪಕ್ಕದ ಕಪಾಟಿನಲ್ಲಿ ರೇಡಿಯೋ ಸದಾ ಗುನುಗುತ್ತಿತ್ತು. ಅದು ಕೆಟ್ಟಾಗಲೆಲ್ಲ ತಮ್ಮ ಅಕ್ಕನ ಕತ್ತರಿಯಿಂದಲೇ ತಿರುಪು ಬಿಚ್ಚಿ ಒಳಗೆ ಕೈ ಹಾಕುತ್ತಿದ್ದ. ಒಮ್ಮೆ ಕರೆಂಟು ಹೊಡೆದು ಮೂಲೆಗೆ ಬಿದ್ದಾಗ ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ, "ಸಾಯೋದಾದ್ರೆ ಮುಂಚೆ ಹೇಳು, ಅಕ್ಕಿ ಕಡಿಮೆ ಹಾಕ್ತೀನಿ" ಎಂದಿದ್ದಳು. ಹಾಗೆಂದವಳೇ ಮರುವಾರ ಅವನನ್ನು ವಿದ್ಯುತ್ ಕೆಲಸ ಕಲಿಸುವ ಶಾಲೆಗೆ ಸೇರಿಸಿ ಬಂದಳು. ಅವಳ ಬಾಯಿ ಹರಿತ, ಕೈ ಮೆತ್ತಗೆ.

ನಿಲಯ ಇದ್ದದ್ದು ಪೇಟೆಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ, ಮೇಲೆ ಬಂದರೆ ಹಳೆಯ ರತ್ನಗಂಬಳಿಯ ವಾಸನೆ. ಒಳಗಿನ ಕೋಣೆಯ ಗೋಡೆಗಳಿಗೆ ಸದ್ದು ಹೀರುವ ಬೂದುಬಣ್ಣದ ಸ್ಪಂಜು ಅಂಟಿಸಿದ್ದರು. ಅದು ಅಲ್ಲಲ್ಲಿ ಕಿತ್ತುಬಂದು ಹುರುಪೆಯಂತೆ ಉದುರುತ್ತಿತ್ತು. ನಡುವೆ ದಪ್ಪ ಗಾಜು. ಗಾಜಿನ ಆಚೆ ನಿರೂಪಕಿ, ಈಚೆ ಅವನು. ವೈರು ಎಳೆಯಲು ಸೇರಿದವನು ವರ್ಷಗಳು ಕಳೆದಂತೆ ಧ್ವನಿ ತಂತ್ರಜ್ಞನಾಗಿ ಆ ಕುರ್ಚಿಯಲ್ಲೇ ಬೇರುಬಿಟ್ಟಿದ್ದ.

ನಿಲಯದ ಹೆಸರು ಉಳಿದದ್ದೇ ಬೆಳಗಿನ ಫೋನ್ ಕಾರ್ಯಕ್ರಮದಿಂದ. ಊರಿನವರು ಕರೆ ಮಾಡಿ ತಮ್ಮ ತಮ್ಮ ಗೋಳು ಹೇಳುವುದು, ನಿರೂಪಕಿ ಸಮಾಧಾನ ಹೇಳುವುದು, ನಡುವೆ ಒಂದು ಹಾಡು. ಬೀದಿದೀಪ ಉರಿಯುತ್ತಿಲ್ಲ, ಬಸ್ಸು ನಿಲ್ಲಿಸುತ್ತಿಲ್ಲ, ಪಕ್ಕದ ಮನೆಯವರು ಕಸ ಎಸೆಯುತ್ತಾರೆ. ಎಷ್ಟೋ ಸಲ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ದೀಪ ಹಾಕಲು ಏಣಿ ಬಂದಿರುತ್ತಿತ್ತು. ನಿರೂಪಕಿಯದು ಬೆಚ್ಚಗಿನ ದನಿ. ಅವಳನ್ನು ಊರಿನವರು ಬೆಳಗಿನ ಮೇಡಂ ಎಂದೇ ಕರೆಯುತ್ತಿದ್ದರು. ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕುತ್ತಿದ್ದವಳು, ಮೈಕಿನ ಮುಂದೆ ಕೂತರೆ ಜಗತ್ತಿನ ಕಷ್ಟವೆಲ್ಲ ಬೇರೆಯವರದೇ ಎನ್ನುವಂತೆ ಮಾತಾಡುತ್ತಿದ್ದಳು.

ಒಂದು ಬೆಳಗ್ಗೆ ನಿವೃತ್ತ ಗುಮಾಸ್ತನೊಬ್ಬ ಕರೆ ಮಾಡಿ, ಹೊಸ ರಸ್ತೆ ಮೊದಲ ಮಳೆಗೇ ಕೊಚ್ಚಿಹೋಯಿತು, ಗುತ್ತಿಗೆ ಹಿಡಿದವನು ಮಂತ್ರಿಗಳ ಅಳಿಯ, ಮಾವ ಕೊಟ್ಟ ಹೆಣ್ಣಾದರೂ ಗಟ್ಟಿ ಇದ್ದಾಳೋ ಇಲ್ಲವೋ ಎಂದುಬಿಟ್ಟ. ಊರೆಲ್ಲ ನಕ್ಕಿತು. ನಿಲಯದ ಮ್ಯಾನೇಜರು ಮಾತ್ರ ನಗಲಿಲ್ಲ. ಪ್ರಸಾರ ನಿಯಂತ್ರಣ ಕಚೇರಿಯಿಂದ ನೋಟೀಸು ಬಂತು. ಆಧಾರವಿಲ್ಲದ ಆರೋಪ ಬಿತ್ತರಿಸಿದ್ದೀರಿ, ಪರವಾನಗಿಯ ಷರತ್ತು ಮುರಿದಿದ್ದೀರಿ ಎಂದು ಹೇಳಿ ಒಂದು ವಾರ ಪ್ರಸಾರವನ್ನೇ ನಿಲ್ಲಿಸಿದರು. ಆ ವಾರವೆಲ್ಲ ಎಲ್ಲರೂ ಕೆಲಸಕ್ಕೆ ಬಂದು, ಆರಿದ ಕೆಂಪು ದೀಪವನ್ನು ನೋಡುತ್ತಾ ಕೂತರು. ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಓಡಾಡಿದ. ಮತ್ತೊಮ್ಮೆ ಹೀಗಾದರೆ ಪರವಾನಗಿಯೇ ರದ್ದು ಎಂದು ಕಚೇರಿಯವರು ಅವನಿಗೆ ಎದುರಿಗೇ ಹೇಳಿ ಕಳಿಸಿದ್ದರು.

ಜೊತೆಗೆ ಹೊಸ ನಿಯಮವೂ ಬಂತು. ನೇರ ಕರೆಗಳನ್ನು ನೇರವಾಗಿ ಬಿಡುವಂತಿಲ್ಲ. ಮಾತನ್ನು ಕೆಲವು ಸೆಕೆಂಡು ತಡೆದು ನಿಲ್ಲಿಸುವ ಪೆಟ್ಟಿಗೆಯೊಂದನ್ನು ಕೂರಿಸಬೇಕು. ಅದಕ್ಕೊಂದು ಕೆಂಪು ಗುಂಡಿ. ಒತ್ತಿದರೆ, ಹಿಡಿದಿಟ್ಟ ಮಾತು ಗಾಳಿ ಸೇರುವ ಮುಂಚೆ ಅಳಿಸಿಹೋಗುತ್ತದೆ. ಗುಂಡಿಗೆ ಒಬ್ಬ ಹೊಣೆಗಾರನಿರಬೇಕು, ಅವನ ಹೆಸರು ಕಚೇರಿಗೆ ಗೊತ್ತಿರಬೇಕು. ಮ್ಯಾನೇಜರು ಮೊದಲು ನಿರೂಪಕಿಯನ್ನು ಕೇಳಿದ. ಜನರನ್ನು ಮಾತಿಗೆ ಎಳೆಯುವವಳೂ ನಾನೇ, ಬಾಯಿ ಮುಚ್ಚಿಸುವವಳೂ ನಾನೇ ಆಗಲಾರೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಆಗ ಮ್ಯಾನೇಜರು ಗಾಜಿನ ಈಚೆಗೆ ತಿರುಗಿದ. ತಂತ್ರಜ್ಞ ಹೇಗೂ ಅಲ್ಲೇ ಕೂರುವವನು. ಕೆಟ್ಟ ಬೈಗುಳ ಬಂದರೆ ಒತ್ತುವುದು, ಅಷ್ಟೇ ತಾನೇ ಎಂದುಕೊಂಡು ಒಪ್ಪಿದ. ಅವನನ್ನು ಗುಂಡಿಯಣ್ಣ ಎಂದು ಮೊದಲು ಕರೆದದ್ದೂ ನಿರೂಪಕಿಯೇ.

ಶುರುವಿನಲ್ಲಿ ಅದು ತಮಾಷೆಯಾಗಿಯೇ ಇತ್ತು. ಕುಡಿದವರು ಕರೆ ಮಾಡಿ ಅಳಿಯಂದಿರನ್ನು ಬೈಯುತ್ತಿದ್ದರು, ಅವನು ಒತ್ತುತ್ತಿದ್ದ. ಒಬ್ಬ ಮುದುಕ ಸಭ್ಯವಾಗಿ ಹಾಡು ಕೇಳುತ್ತಿರುವಾಗ ಹಿಂದಿನಿಂದ ಅವನ ಹೆಂಡತಿ ಅವನ ವಂಶವನ್ನೇ ಜಾಲಾಡುತ್ತಿದ್ದಳು. ಅವಳನ್ನು ಅಳಿಸಿ ಮುದುಕನನ್ನು ಉಳಿಸುವುದು ಹೇಗೆಂದು ತಿಳಿಯದೆ ಅವನು ಇಬ್ಬರನ್ನೂ ಅಳಿಸಿದ. ಈ ಕತೆಯನ್ನು ಅಕ್ಕನ ಮನೆಯಲ್ಲಿ ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೈಗುಳ ಮುಗಿದ ಮೇಲೆ ಹೆಸರುಗಳ ಸರದಿ ಬಂತು. ಯಾವ ಅಧಿಕಾರಿಯ ಹೆಸರನ್ನೂ ಗಾಳಿಗೆ ಬಿಡಬೇಡ ಎಂದ ಮ್ಯಾನೇಜರು. ಹೆಸರಾದ ಮೇಲೆ ವಿಷಯಗಳು. ಕಚೇರಿಯಿಂದ ಬೆಳಗ್ಗೆ ಫೋನ್ ಬರುತ್ತಿತ್ತು. ಎಲ್ಲವೂ ಬಾಯಿಮಾತು, ಒಂದಕ್ಷರವೂ ಕಾಗದದ ಮೇಲಿಲ್ಲ. ಮ್ಯಾನೇಜರು ಅದನ್ನು ಮುಗಿಸಿ ಬಂದು ಅವನ ಬೆನ್ನ ಹಿಂದೆ ನಿಂತು, "ಇವತ್ತು ಆಸ್ಪತ್ರೆ ಬೇಡ" ಎನ್ನುತ್ತಿದ್ದ, ತರಕಾರಿಯವನಿಗೆ ಇವತ್ತು ಬದನೆಕಾಯಿ ಬೇಡ ಎಂದಷ್ಟು ಸಲೀಸಾಗಿ. ಇನ್ನೊಂದು ದಿನ ಬಸ್ಸಿನ ದರ ಬೇಡ. ಮತ್ತೊಂದು ದಿನ ಶಾಲೆಯ ಸೂರು ಬೇಡ. ಏಕೆ ಎಂದು ಅವನು ಒಮ್ಮೆ ಕೇಳಿದ. ಕೇಳಬೇಡ ಎಂದು ನನಗೆ ಹೇಳಿದ್ದಾರೆ, ನಿನಗೂ ಅದನ್ನೇ ಹೇಳುತ್ತೇನೆ ಎಂದ ಮ್ಯಾನೇಜರು.

ಕರೆ ಅಳಿಸಿಹೋದಾಗ ಕೇಳುಗರಿಗೆ ಏನಾದರೂ ಹೇಳಬೇಕಲ್ಲ. ನಿರೂಪಕಿ ಒಂದು ವಾಕ್ಯ ರೂಢಿಸಿಕೊಂಡಳು: "ಸಂಪರ್ಕ ಕಡಿದುಹೋಯಿತು ಕೇಳುಗರೇ, ಬನ್ನಿ, ಒಂದು ಹಾಡು ಕೇಳೋಣ." ಹೇಳುವಾಗ ಅವಳ ಬೆಚ್ಚಗಿನ ದನಿ ಸ್ವಲ್ಪ ಮೇಲಕ್ಕೇರಿ, ಗಾಜಿನ ಲೋಟಕ್ಕೆ ಚಮಚ ತಾಕಿದಂತೆ ಕೇಳುತ್ತಿತ್ತು. ಊರಿನವರು ಟೆಲಿಫೋನ್ ಕಂಪನಿಯನ್ನು ಶಪಿಸತೊಡಗಿದರು. ಕೊನೆಗೆ ಕಂಪನಿಯವರೇ ನಿಲಯಕ್ಕೆ ಬಂದು, ನಮ್ಮ ತಂತಿ ಸರಿಯಾಗಿಯೇ ಇದೆ, ನಿಮ್ಮಿಂದ ನಮ್ಮ ಮಾನ ಹೋಗುತ್ತಿದೆ ಎಂದು ಗೋಗರೆದರು. ಮ್ಯಾನೇಜರು ಅವರಿಗೆ ಚಹಾ ಕುಡಿಸಿ ಕಳಿಸಿದ.

ದಿನ ಕಳೆದಂತೆ ಅವನ ಬೆರಳು ಕಿವಿಗಿಂತ ಚುರುಕಾಯಿತು. ದೂರು ಹೇಳುವವರು ಬಾಯಿ ತೆರೆಯುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾರೆ; ಆ ಉಸಿರಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಮನೆಗೆ ಬಂದರೆ ಮಾತು ಬೇಡವಾಗುತ್ತಿತ್ತು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಇಡೀ ದಿನದ ಸುದ್ದಿ ಹೊತ್ತು ತರುವವಳು. ಅವನು ಹೂಂ ಎನ್ನುವುದನ್ನೂ ಬಿಟ್ಟಾಗ ಅವಳೊಮ್ಮೆ ಕೇಳಿದಳು, "ಏನ್ರೀ, ನನ್ನನ್ನೂ ಒತ್ತಿಬಿಟ್ರಾ?" ಅವನು, ನಾನಲ್ಲದಿದ್ದರೆ ಇನ್ನೊಬ್ಬ ಆ ಕುರ್ಚಿಯಲ್ಲಿ ಕೂರುತ್ತಾನೆ, ಅಷ್ಟೇ ವ್ಯತ್ಯಾಸ ಎಂದ. ಅವಳು ಕೇಳಿದ್ದು ಅದನ್ನಲ್ಲ.

ಆ ವರ್ಷ ಮಂತ್ರಿಗಳು ಹೊಸ ನೀರು ಶುದ್ಧೀಕರಣ ಘಟಕವನ್ನು ಉದ್ಘಾಟಿಸಿದರು. ನಿಲಯ ಅದನ್ನು ನೇರಪ್ರಸಾರ ಮಾಡಿತು. ಮಂತ್ರಿಗಳು ಒಂದು ಲೋಟ ನೀರು ಕುಡಿದು ಬಾಯಿ ಚಪ್ಪರಿಸಿದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕೆಲವೇ ವಾರಗಳಲ್ಲಿ ಅವನ ಹೆಂಡತಿ ಅಂಗಡಿಯಿಂದ ಬಂದವಳೇ, ಹೊಟ್ಟೆಗೆ ಕೊಡುವ ಔಷಧಿ ಖಾಲಿಯಾಗಿದೆ ಎಂದಳು. ಎಲ್ಲ ಹಳೇ ಕಾರ್ಖಾನೆಯ ಹಿಂದಿನ ಓಣಿಯವರು, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಾರೆ. ಅಕ್ಕ ಇದ್ದದ್ದೂ ಅಲ್ಲೇ. ಅವನು ನಾಳೆ ವಿಚಾರಿಸಬೇಕು ಎಂದುಕೊಂಡು ಮಲಗಿದ.

ಬೆಳಗ್ಗೆ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತು, "ನೀರು ಬೇಡ" ಎಂದ.

ಅಂದು ನೀರಿನದೇ ಕರೆ. ಒಬ್ಬ ಮಾಸ್ತರ, ಒಬ್ಬ ಹಾಲಿನವನು, ಅಳುತ್ತಾ ಒಬ್ಬ ಹುಡುಗಿ. ಅವನು ಒತ್ತಿದ. ನಿರೂಪಕಿ ಸಂಪರ್ಕ ಕಡಿದುಹೋಯಿತು ಎಂದಳು. ಮರುದಿನವೂ ಅದೇ. ಮೂರನೆಯ ದಿನ ಮ್ಯಾನೇಜರು ಊರಲ್ಲಿರಲಿಲ್ಲ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಇದನ್ನು ಅವನು ಮುಂದೆ ಬಹಳ ಸಲ ತನಗೆ ತಾನೇ ಹೇಳಿಕೊಳ್ಳಬೇಕಾಯಿತು.

ಕರೆ ಯಾವುದೋ ಅಪರಿಚಿತ ನಂಬರಿನಿಂದ ಬಂತು. ಉಸಿರು ಎಳೆದುಕೊಂಡ ಸದ್ದು. ಆಮೇಲೆ ದನಿ.

"ಮೇಡಂ, ನಾನು ಹಳೇ ಕಾರ್ಖಾನೆ ಹಿಂದಿನ ಕೆಳಗಿನ ಓಣಿಯಿಂದ ಮಾತಾಡ್ತಿದೀನಿ. ನಮ್ಮ ನಲ್ಲಿ ನೀರು ವಾಸನೆ ಹೊಡೀತಿದೆ. ನಮ್ಮ ಓಣಿಲಿ ಮನೆಗೊಬ್ಬರು ಮಲಗಿದಾರೆ. ಈಗ ಅದೇ ಕೊಳವೇಲಿ ಮೇಲಿನ ಓಣಿಗೂ ನೀರು ಬಿಡ್ತಿದಾರಂತೆ. ಅಲ್ಲಿಯವರು ಯಾರಾದ್ರೂ ಕೇಳ್ತಿದ್ರೆ, ದಯವಿಟ್ಟು ಕುಡೀಬೇಡಿ..."

ಅಕ್ಕನ ದನಿಯನ್ನು ಅವನು ಮೊದಲ ಮಾತಿಗೇ ಗುರುತಿಸಿದ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಕೇಳಿ ಕೇಳಿ ಕಿವಿಗೆ ಅಂಟಿದ್ದ ದನಿ. ಯೋಚಿಸಲು ಪೆಟ್ಟಿಗೆ ಕೊಡುವ ಕೆಲವು ಸೆಕೆಂಡುಗಳಿದ್ದವು, ಸಾಕಷ್ಟಿದ್ದವು. ಅವನು ಯೋಚಿಸಲಿಲ್ಲ. ನೀರು ಎಂಬ ಮಾತು ಬಂದಿತ್ತು, ಬೆರಳು ಹೋಗಿತ್ತು. ಗಾಜಿನ ಆಚೆ ನಿರೂಪಕಿ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಕಿವಿಗೆ ಪೂರ್ತಿ ಮಾತು ಬಿದ್ದಿತ್ತು. ಒಂದು ಗಳಿಗೆ ಅವಳೇ ಅದನ್ನು ಮೈಕಿಗೆ ಹೇಳಿಬಿಡುತ್ತಾಳೇನೋ ಎನಿಸಿತು. ತುಟಿ ಬಿಚ್ಚಿತು ಕೂಡ. "ಸಂಪರ್ಕ ಕಡಿದುಹೋಯಿತು ಕೇಳುಗರೇ" ಎಂದಳು.

ಕಾರ್ಯಕ್ರಮ ಮುಗಿದೊಡನೆ ಅವನು ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದ. ನೀರು ಕುಡಿಯಬೇಡ, ಕುದಿಸು, ಇಲ್ಲವೇ ನಮ್ಮ ಮನೆಗೆ ಬಂದುಬಿಡು ಎಂದ.

"ಅಷ್ಟು ನನಗೆ ಗೊತ್ತಿಲ್ವೇನೋ?" ಎಂದಳು ಅಕ್ಕ. "ನಾನು ನನಗೋಸ್ಕರ ಫೋನ್ ಮಾಡಿದ್ನಾ?"

ಅವನು ಮೆಟ್ಟಿಲ ಮೇಲೆ ಕೂತ.

"ನಿನಗೆ ನನ್ನ ದನಿ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಅಕ್ಕಾ."

ಅವಳು ಫೋನ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮೇಲಿನ ಓಣಿಯಲ್ಲಿ ಒಬ್ಬ ಬಡಗಿ ಇದ್ದ. ಕುರ್ಚಿ, ಮೇಜು, ಬಾಗಿಲ ಚೌಕಟ್ಟು ಮಾಡುವವನು. ಹಲಗೆ ಹೆರೆಯುವಾಗ ಅವನ ಕೆಲಸದ ಕೋಣೆಯಲ್ಲಿ ಬೆಳಗಿನ ಮೇಡಂ ದನಿ ಇರಲೇಬೇಕು. ಅಕ್ಕ ಕರೆ ಮಾಡಿದ ಬೆಳಗ್ಗೆಯೂ ಇತ್ತು. ಅವನ ಮಗಳು ಶಾಲೆಗೆ ಹೊರಡುವ ಮುಂಚೆ ನಲ್ಲಿಗೆ ಬಾಟಲಿ ಹಿಡಿದು ತುಂಬಿಕೊಂಡಳು. ಮೂರು ದಿನ ವಾಂತಿ, ಭೇದಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕದೆ ಬಾಗಿಲ ಬಳಿ ಬೆಂಚಿನ ಮೇಲೆ ಮಲಗಿಸಿದ್ದರು. ಅಲ್ಲೇ ಹೋದಳು. ಆ ವಾರ ಅದೇ ಓಣಿಯಲ್ಲಿ ಇನ್ನೂ ಕೆಲವರು, ಹೆಚ್ಚಾಗಿ ವಯಸ್ಸಾದವರು, ಹೋದರು.

ಅಕ್ಕ ಸಾವಿನ ಮನೆಗೆ ಹೋಗಿಬಂದವಳು ನೇರವಾಗಿ ತಮ್ಮನ ಮನೆಗೆ ಬಂದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಬಡಗಿ ತನ್ನನ್ನು ಏನು ಕೇಳಿದ ಎಂದು ಹೇಳಿದಳು. ಇಷ್ಟು ಜನ ಕಾಯಿಲೆ ಬಿದ್ದಿದ್ದರಲ್ಲ, ನನ್ನ ರೇಡಿಯೋ ಹಾಕಿಯೇ ಇತ್ತಲ್ಲ, ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದನಂತೆ. "ನಾನೇನು ಹೇಳಲಿ ಅವನಿಗೆ? ನನ್ನ ತಮ್ಮನ ಹೊಟ್ಟೆಪಾಡು ಅಂತ ಹೇಳಲಾ?" ಎಂದಳು. ಅವನ ಹೆಂಡತಿ ನೀರು ತಂದುಕೊಟ್ಟಳು. ಅಕ್ಕ ಆ ಲೋಟವನ್ನು ನೋಡಿ, ಕುಡಿಯದೆ ಹಿಂದಿರುಗಿಸಿ, ಮೆಟ್ಟಿಲಿಳಿದು ಹೋದಳು.

ಸರ್ಕಾರದ ಹೇಳಿಕೆ ಬಂದದ್ದು ಆಮೇಲೆ. ಹವಾಮಾನ ಬದಲಾವಣೆಯಿಂದ ಅಲ್ಲಲ್ಲಿ ಹೊಟ್ಟೆಯ ತೊಂದರೆ ಕಾಣಿಸಿಕೊಂಡಿದೆ, ನೀರಿಗೂ ಅದಕ್ಕೂ ಸಂಬಂಧವಿಲ್ಲ. ಕೊನೆಯಲ್ಲಿ ಇನ್ನೊಂದು ಮಾತಿತ್ತು: ನೀರಿನ ಬಗ್ಗೆ ಸಾರ್ವಜನಿಕರಿಂದ ಒಂದೇ ಒಂದು ದೂರೂ ಬಂದಿಲ್ಲ, ಊರಿನ ಜನಪ್ರಿಯ ಫೋನ್ ಕಾರ್ಯಕ್ರಮದಲ್ಲೂ ಯಾರೊಬ್ಬರೂ ನೀರಿನ ಮಾತೆತ್ತಿಲ್ಲ. ಅದನ್ನು ಓದಿದ್ದು ಅವರದೇ ನಿಲಯದ ವಾರ್ತೆಯಲ್ಲಿ. ಗಾಳಿಗೆ ಬಿಟ್ಟದ್ದು ಅವನದೇ ಕೈ. ಹೇಳಿಕೆ ಮುಗಿದು ಜಾಹೀರಾತು ಶುರುವಾಯಿತು. ಅಳಿಸಿದ ಮಾತುಗಳೆಲ್ಲ ಎಲ್ಲೋ ಕರಗಿಹೋದವು ಎಂದು ಅವನು ತಿಳಿದಿದ್ದ. ಅವು ಹೋಗಿರಲಿಲ್ಲ. ಸಾಲಾಗಿ ನಿಂತು ಸರ್ಕಾರದ ಪರ ಸಾಕ್ಷಿ ಹೇಳುತ್ತಿದ್ದವು.

ಒಂದು ವಾರಪತ್ರಿಕೆ ಮಾತ್ರ ಸತ್ತವರ ಮನೆಗಳಿಗೆ ಹೋಗಿ ಬರೆಯಿತು. ಮುಂದಿನ ವಾರ ಅದರ ಮುದ್ರಣಾಲಯಕ್ಕೆ ಬೆಂಕಿ ಸುರಕ್ಷತೆಯ ವ್ಯವಸ್ಥೆ ಇಲ್ಲವೆಂದು ಬೀಗ ಬಿತ್ತು. ಅಷ್ಟರಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗಿಬಿಟ್ಟಿತ್ತು. ಜನ ಪುರಸಭೆಯ ಮುಂದೆ ಕೂತರು. ಬೇರೆ ದಾರಿಯಿಲ್ಲದೆ ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸಿತು.

ಅದೇ ತಿಂಗಳು ಪ್ರಸಾರ ನಿಯಂತ್ರಣ ಕಚೇರಿ ಅವರ ನಿಲಯಕ್ಕೆ "ಹೊಣೆಯರಿತ ಪ್ರಸಾರ" ಎಂಬ ಪ್ರಶಸ್ತಿ ಕೊಟ್ಟಿತು. ಹಿತ್ತಾಳೆಯ ಫಲಕ. ಅದನ್ನು ಎದುರುಕೋಣೆಯ ಗೋಡೆಗೆ ಹಾಕಲು ಮ್ಯಾನೇಜರು ಅವನನ್ನೇ ಕರೆದ, ತೂತು ಕೊರೆಯುವುದು ಅವನಿಗಲ್ಲದೆ ಇನ್ನಾರಿಗೆ ಬರುತ್ತಿತ್ತು. ಅವನು ಗೋಡೆ ಕೊರೆದ, ತಿರುಪು ಬಿಗಿದ, ಫಲಕ ಓರೆಯಾಗಿಲ್ಲವೆಂದು ದೂರ ನಿಂತು ನೋಡಿದ. ಮೈಮೇಲೆ ಬಿದ್ದಿದ್ದ ಸುಣ್ಣದ ಪುಡಿಯನ್ನು ಒರೆಸುತ್ತಾ, ವಿಚಾರಣೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದ.

ಮ್ಯಾನೇಜರು ಬಾಗಿಲು ಹಾಕಿ ಬಂದು ಕೂತ. ಕೂಗಾಡಲಿಲ್ಲ. ನಿನ್ನ ಜೊತೆ ಇಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ, ಅವರ ಮನೆಗಳಲ್ಲಿ ಎಷ್ಟು ಜನ ಉಣ್ಣುತ್ತಾರೆ, ನಿಲಯವೇ ಮುಚ್ಚಿದರೆ ಊರಿಗೆ ಇರುವ ಒಂದು ದನಿಯೂ ಹೋಗುತ್ತದೆ ಎಂದು ನಿಧಾನವಾಗಿ ಹೇಳಿದ. ಅವನು ಅದಕ್ಕೆ, "ಯಾವ ದನಿ ಸರ್?" ಎಂದು ಕೇಳಿದ. ಅವನು ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದ.

ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೊದಲು ಅಕ್ಕ ಹೇಳಿದಳು: ಪಕ್ಕದ ಮನೆಯ ಫೋನಿನಿಂದ ನಾನೇ ಕರೆ ಮಾಡಿದ್ದೆ, ಕಡಿದುಹಾಕಿದರು. ಆ ಕರೆ ನಿಲಯಕ್ಕೆ ಹೋದದ್ದೇನೋ ಟೆಲಿಫೋನ್ ಕಂಪನಿಯ ದಾಖಲೆಯಲ್ಲಿತ್ತು. ಒಂದು ನಿಮಿಷಕ್ಕಿಂತ ಕಡಿಮೆ ನಡೆದಿತ್ತು. ಹಾಡು ಕೇಳಲು ಮಾಡಿದ್ದರೂ ಅಷ್ಟೇ ಇರುತ್ತಿತ್ತಲ್ಲ ಎಂದರು ಸರ್ಕಾರದ ವಕೀಲರು. ಆಮೇಲೆ ಅವನ ಸರದಿ. ನೀರಿನ ಬಗ್ಗೆ ಬಂದ ಕರೆಗಳನ್ನೆಲ್ಲ ನಾನೇ ಅಳಿಸಿದೆ ಎಂದ. ಬೆನ್ನಹಿಂದಿನ ಮಾತುಗಳನ್ನು ಹೇಳಿದ. ಅಕ್ಕ ಹೇಳಿದ್ದನ್ನು ಪದಕ್ಕೆ ಪದ ಒಪ್ಪಿಸಿದ. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅಳಿಸಿದ ಕರೆಗಳ ಧ್ವನಿಮುದ್ರಣ ಇದೆಯೇ ಎಂದು ಕೇಳಿದರು.

"ಇಲ್ಲ ಸ್ವಾಮಿ. ಪ್ರಸಾರ ಆದದ್ದನ್ನ ಇಟ್ಕೋಬೇಕು ಅಂತ ನಿಯಮ ಇದೆ. ಆಗದೇ ಇದ್ದದ್ದು ಉಳಿಯಲ್ಲ."

"ಅಳಿಸು ಅಂತ ಹೇಳಿದ್ದಕ್ಕೆ ಬರವಣಿಗೆ?"

"ಬಾಯಲ್ಲೇ ಹೇಳ್ತಿದ್ರು."

ಮ್ಯಾನೇಜರು ಎದ್ದು ನಿಂತು, ಅಸಭ್ಯ ಮಾತು ಬಂದರೆ ಮಾತ್ರ ಒತ್ತಬೇಕೆಂದು ನಾನು ಹೇಳಿದ್ದೆ ಎಂದ. ಗುಂಡಿಗೆ ಹೊಣೆಗಾರನೆಂದು ಕಚೇರಿಗೆ ಕೊಟ್ಟ ಹೆಸರು ಇವನದೇ, ನೋಡಿಕೊಳ್ಳಬಹುದು. ಇವನ ಅಕ್ಕನ ಕರೆ ಬಂದ ದಿನ ನಾನು ಊರಲ್ಲೇ ಇರಲಿಲ್ಲ ಎಂದೂ ಹೇಳಿದ. ಅದೊಂದು ಮಾತು ನಿಜವಾಗಿತ್ತು, ಮತ್ತು ಅದೊಂದೇ ಸಾಕಾಯಿತು. ಆ ದಿನ ನಿನಗೆ ಯಾರಾದರೂ ಹೇಳಿದ್ದರೇ ಎಂದು ವಕೀಲರು ಕೇಳಿದಾಗ ಅವನು ಇಲ್ಲ ಎನ್ನಬೇಕಾಯಿತು.

ಕೊನೆಗೆ ನಿರೂಪಕಿಯನ್ನು ಕರೆದರು. ಅವಳು ಅವನ ಕಡೆ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಕರೆಗಳು ಆಗಾಗ ಕಡಿದುಹೋಗುತ್ತಿದ್ದವು, ಏಕೆಂದು ನನಗೆ ಗೊತ್ತಾಗುತ್ತಿರಲಿಲ್ಲ ಎಂದಳು. ದನಿ ಮೇಲಕ್ಕೇರಿ ಚಮಚ ತಾಕಿದಂತಾಯಿತು. ಅವನಿಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿರುವ ಇಬ್ಬರು ಮಕ್ಕಳು ಅವಳ ಗಂಟಲಲ್ಲಿ ಕೂತು ಮಾತಾಡುತ್ತಿರುವುದು ಅವನಿಗೆ ಕಾಣುತ್ತಿತ್ತು. ಹೊರಗೆ ಮೊಗಸಾಲೆಯಲ್ಲಿ ಎದುರಾದಾಗ ಅವಳು ಏನೋ ಹೇಳಹೋದಳು. ಬೇಡ ಮೇಡಂ ಎಂದು ಅವನೇ ತಡೆದ. ಆಮೇಲೆ, ಅವಳಿಗೆ ಹೇಳಲು ಬಿಡಬಹುದಿತ್ತು ಎನ್ನಿಸಿ ಹಿಂದೆ ತಿರುಗಿದಾಗ ಅವಳು ಹೋಗಿಬಿಟ್ಟಿದ್ದಳು.

ಅಕ್ಕ ಕಿಟಕಿಯ ಬಳಿ ಬೆಂಚಿನ ಮೇಲೆ ಕೂತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ.

"ನೀನು ಹೇಳಿದ್ದು ಸರಿಯಾಗಿಯೇ ಹೇಳಿದೆ" ಎಂದಳು. "ಎಲ್ಲರೆದುರು ಒಪ್ಕೊಂಡೆ. ಆದ್ರೆ ನನ್ನ ಮನಸ್ಸು ನಿನ್ನ ಕಡೆ ಬರ್ತಿಲ್ಲ ಕಣೋ. ಬರಲಿ ಅಂತ ನಾನೂ ಕಾಯ್ತಿದೀನಿ."

ಇಬ್ಬರೂ ಒಂದೇ ಬಸ್ಸು ಹತ್ತಿದರು. ಅವಳು ಹೆಂಗಸರ ಸಾಲಿನಲ್ಲಿ ಕೂತಳು, ಅವನು ಹಿಂದೆ ನಿಂತ.

ವರದಿ ಬಂತು. ಕೊಳವೆಯಲ್ಲಿ ಎಲ್ಲೋ ಸಣ್ಣ ಸೋರಿಕೆ ಇದ್ದಿರಬಹುದು ಎಂದಿತು. ಜನರ ಎಚ್ಚರಿಕೆ ಊರಿಗೆ ತಲುಪದೆ ಹೋದದ್ದಕ್ಕೆ ಒಬ್ಬ ತಂತ್ರಜ್ಞನ ವೈಯಕ್ತಿಕ ನಿರ್ಲಕ್ಷ್ಯ ಕಾರಣ ಎಂದಿತು. ಇಂಥದ್ದು ಮರುಕಳಿಸದಿರಲು ಪ್ರಸಾರದ ಮೇಲಿನ ನಿಯಂತ್ರಣವನ್ನು ಇನ್ನಷ್ಟು ಬಿಗಿ ಮಾಡಬೇಕು, ಗುಂಡಿ ಒತ್ತುವವರಿಗೆ ಸರ್ಕಾರವೇ ತರಬೇತಿ ಕೊಡಬೇಕು ಎಂದು ಶಿಫಾರಸು ಮಾಡಿತು. ಅವನ ಕೆಲಸ ಹೋಯಿತು. ಅವನ ಕುರ್ಚಿಗೆ ತರಬೇತಿ ಪಡೆದವನೊಬ್ಬ ಬಂದ. ಆದರೆ ಆ ಹೊಸಬನಿಗೆ ಮಾಡಲು ಹೆಚ್ಚು ಕೆಲಸವಿರಲಿಲ್ಲವಂತೆ. ಜನ ಈಗ ಕರೆ ಮಾಡಿ ಹಾಡು ಮಾತ್ರ ಕೇಳುತ್ತಿದ್ದರು, ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದರು. ಇದನ್ನು ಚಹಾದಂಗಡಿಯ ಹೆಂಗಸು ಅವನಿಗೆ ಹೇಳಿದಳು. ಸಕ್ಕರೆಯ ಮಾತು ಅವಳೂ ಆಡಲಿಲ್ಲ.

ಅವನು ಧ್ವನಿವರ್ಧಕ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟ. ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ, ಒಂದು ಆಂಪ್ಲಿಫೈಯರು, ಮೂರು ಮೈಕು. ಶಾಲೆಯ ಆಟೋಟ, ಮದುವೆ, ಅಂಗಡಿ ಉದ್ಘಾಟನೆ. ಒಂದು ಮಧ್ಯಾಹ್ನ ಬಡಗಿ ಅಂಗಡಿಗೆ ಬಂದ. ಹೋದವರನ್ನು ನೆನೆಯಲು ಓಣಿಯವರು ಮೈದಾನದಲ್ಲಿ ಸಭೆ ಸೇರುತ್ತಿದ್ದರು.

"ನಿಮ್ಮದೇ ಬೇಕು ಅಂತ ಬಂದಿಲ್ಲ" ಎಂದ ಬಡಗಿ. "ಬೇರೆ ಯಾರೂ ಕೊಡಲಿಲ್ಲ."

ಅವನು ಬಾಡಿಗೆ ಬೇಡವೆಂದ. ಬಡಗಿ ಮೇಜಿನ ಮೇಲೆ ದುಡ್ಡಿಟ್ಟು ಹೋದ.

ಸಭೆಗೆ ಪೊಲೀಸರ ಅನುಮತಿ ಬೇಕಿತ್ತು. ಶೋಕಗೀತೆಗಳಿಗೆ ಮಾತ್ರ ಧ್ವನಿವರ್ಧಕ ಬಳಸಬೇಕು, ಭಾಷಣ ಇರಕೂಡದು ಎಂಬ ಷರತ್ತಿನ ಮೇಲೆ ಕೊಟ್ಟರು. ನೋಡಿಕೊಳ್ಳಲು ಒಬ್ಬ ಪೇದೆಯನ್ನು ಕಳಿಸಿದರು. ಪೇದೆ ಬಂದು ಆಂಪ್ಲಿಫೈಯರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಒಳ್ಳೆಯ ಮನುಷ್ಯನೇ, ಬಿಸಿಲಿಗೆ ಬೆವರುತ್ತಿದ್ದ. ಮಾತು ದಾರಿ ತಪ್ಪಿದರೆ ಸದ್ದು ಕಡಿಮೆ ಮಾಡಿಬಿಡಿ ಎಂದು ಹೇಳಿದ.

ಹಾಡುಗಳಾದವು. ಆಮೇಲೆ ಬಡಗಿ ಎದ್ದು ಮೈಕಿನ ಮುಂದೆ ಬಂದ. ಯಾರೂ ತಡೆಯಲಿಲ್ಲ. ಮಗಳ ಹೆಸರು ಹೇಳಿದ. ಅವಳಿಗೆ ಯಾವ ಪಾಠ ಇಷ್ಟವಾಗಿತ್ತು ಎಂದು ಹೇಳಿದ. ಆಮೇಲೆ ಒಂದು ಉಸಿರು ಎಳೆದುಕೊಂಡ.

"ಈಗ ಕಡಿಮೆ ಮಾಡಿ" ಎಂದ ಪೇದೆ.

ಗುಂಡಿಯಣ್ಣ ತನ್ನ ಕುರ್ಚಿಯಿಂದ ಎದ್ದ. "ಸದ್ದಿನ ತಿರುಗಣೆ ಅಲ್ಲಿದೆ. ಬೇಕಿದ್ರೆ ನೀವೇ ಮಾಡಿ" ಎಂದು ಹೇಳಿ, ಕೈ ಹಿಂದೆ ಕಟ್ಟಿಕೊಂಡು ಸಭೆಯ ಹಿಂಭಾಗಕ್ಕೆ ನಡೆದ. ಪೇದೆ ಬಗ್ಗಿ ತಿರುಗಣೆಗಳನ್ನು ನೋಡಿದ, ಒಂದನ್ನು ತಿರುಗಿಸಿದ, ಪೆಟ್ಟಿಗೆ ಕೀಚೆಂದಿತು. ಇನ್ನೊಂದನ್ನು ತಿರುಗಿಸಿದ, ದನಿ ನಿಂತಿತು. ಕಲಿಯಲು ಅವನಿಗೆ ಅಷ್ಟೇ ಹೊತ್ತು ಹಿಡಿದದ್ದು.

ಬಡಗಿ ನಿಲ್ಲಿಸಲಿಲ್ಲ. ಬರಿಬಾಯಲ್ಲಿ ಹೇಳುತ್ತಲೇ ಇದ್ದ. ಮುಂದಿನ ಸಾಲುಗಳಲ್ಲಿ ಕೂತವರಿಗೆ ಕೇಳುತ್ತಿತ್ತು, ಅಕ್ಕ ಅಲ್ಲಿ ಇದ್ದಳು. ಹಿಂದಿನವರು ಕುತ್ತಿಗೆ ಚಾಚಿದರು. ಮೈಕಿನವನು ಮತ್ತೆ ತನ್ನ ಬುದ್ಧಿ ತೋರಿಸಿದ ಎಂದು ಯಾರೋ ಅಂದರು. ಅವನೇ ಕಣೋ, ರೇಡಿಯೋದವನು ಎಂದು ಇನ್ನೊಬ್ಬರು ಕ್ಯಾಕರಿಸಿ ಉಗಿದರು. ಅವನು ಅವರ ಪಕ್ಕದಲ್ಲೇ ನಿಂತಿದ್ದ, ಅವರಿಗೆ ಗುರುತು ಸಿಕ್ಕಲಿಲ್ಲ. ತಾನು ಮಾಡಿದ್ದಲ್ಲವೆಂದು ಅವನು ಹೇಳಲಿಲ್ಲ. ಹೇಳಿದ್ದರೂ ಅದೊಂದು ಸಲದ ಮಟ್ಟಿಗೆ ಮಾತ್ರ ನಿಜವಾಗುತ್ತಿತ್ತು.

ಕೋಲು ಹಿಡಿದ ಮುದುಕಿಯೊಬ್ಬಳು ಅವನ ತೋಳು ಹಿಡಿದು, "ಏನಂತಿದಾನಪ್ಪ ಅವನು? ನಂಗೆ ಕೇಳಿಸ್ತಿಲ್ಲ" ಎಂದಳು.

ಅವನು ಕಿವಿಗೊಟ್ಟ. ಮೈಯೆಲ್ಲ ಕಿವಿ ಮಾಡಿಕೊಂಡು, ಅಷ್ಟು ದೂರದಿಂದ ಬಡಗಿಯ ಒಂದೊಂದು ಮಾತನ್ನೂ ಹಿಡಿದ. "ನೀರು ವಾಸನೆ ಬರ್ತಿತ್ತು ಅಂತ ಕೆಳಗಿನ ಓಣಿಲಿ ಎಲ್ಲರಿಗೂ ಗೊತ್ತಿತ್ತು ಅಂತಿದಾರೆ" ಎಂದ. ಮುದುಕಿ ತಲೆಯಾಡಿಸಿದಳು. "ಗೊತ್ತಿದ್ದವರನ್ನ ನಮಗೆ ಹೇಳೋಕೆ ಬಿಡಲಿಲ್ಲ ಅಂತಿದಾರೆ" ಎಂದ. ಪಕ್ಕದ ಇಬ್ಬರು ಇವನ ಕಡೆ ತಿರುಗಿದರು. ಅವನು ಇನ್ನೂ ಸ್ವಲ್ಪ ದನಿ ಏರಿಸಿದ. ಇಷ್ಟು ವರ್ಷ ಬೇರೆಯವರ ಮಾತಿನ ನಡುವೆ ಕೂತವನಿಗೆ ತನ್ನ ದನಿ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಎರಡು ಸಾಲಿನಾಚೆ ಅದು ಯಾರಿಗೂ ಕೇಳಿಸಲಿಲ್ಲ.